ಗುರು ಗ್ರಹ ಬರೀ ಮಂಕು ಉಂಡೆ. ಫೋಕಸ್ ಆಗ್ತಾನೇ ಇಲ್ಲ, ಸಹಾಯ ಮಾಡಿ

ಹಿತ್ತಿಲ_ಆಕಾಶ:
ಮೂರು ರಾತ್ರಿಯಿಂದ ಒದ್ದಾಡುತ್ತಿದ್ದೇನೆ. ಹೊಸ ಟೆಲಿಸ್ಕೋಪಿನಲ್ಲಿ ಗುರು ಒಂದು ಮಂಕು ಉಂಡೆ ಥರ ಕಾಣುತ್ತಾನೆ. ಪಟ್ಟೆ ಇಲ್ಲ, ಏನೂ ಇಲ್ಲ. 10ರ ಐಪೀಸಿನಲ್ಲಿ (ಕಣ್ಣಿಡುವ 10 ಮಿಮೀ ಮಸೂರ) ಮಸುಕು, 4ರದ್ದು ಹಾಕಿದರೆ ಪೂರಾ ಮಬ್ಬು. ಫೋಕಸ್ ನಾಬ್ ಎಷ್ಟು ತಿರುಗಿಸಿದರೂ ಅಷ್ಟಕ್ಕಷ್ಟೇ. ಚಂದ್ರ ಮಾತ್ರ ಚೆನ್ನಾಗಿ ಕಾಣುತ್ತದೆ. ಮಾರಿದವರನ್ನು ಕೇಳಿದರೆ "ಆಕಾಶ ಸರಿ ಇಲ್ಲ" ಅಂದುಬಿಟ್ಟರು. ಶನಿವಾರ ನಮ್ಮ ಬೀದಿಯ ಮಕ್ಕಳನ್ನೆಲ್ಲ ಕರೆದಿದ್ದೇನೆ. ಏನು ತೋರಿಸಲಿ?

ಕನ್ನಡಿಮೇಷ್ಟ್ರು:
ಕಾಲಿಮೇಶನ್. ಅಂದರೆ ಕನ್ನಡಿಗಳನ್ನು ಒಂದೇ ನೇರಕ್ಕೆ ಹೊಂದಿಸುವುದು, ಅದು ತಪ್ಪಿದೆ. ನೂರಕ್ಕೆ ತೊಂಬತ್ತು ಸಲ ಅದೇ. ಸಾಗಿಸುವಾಗ ಕನ್ನಡಿ ಅಲುಗಿರುತ್ತದೆ. ಕೊಳವೆಯ ಹಿಂಬದಿಯ ಮೂರು ಸ್ಕ್ರೂ ನೋಡಿ.

ಎಂಟಿಂಚಿನವ:
ಯಾವ ಟೆಲಿಸ್ಕೋಪು ಅಂತಲೇ ಹೇಳಿಲ್ವಲ್ಲ ಸರ್. ಕನ್ನಡಿಯದ್ದಾ, ಮಸೂರದ್ದಾ? ಎಲ್ಲಿಟ್ಟು ನೋಡುತ್ತೀರಿ, ಎಷ್ಟು ಹೊತ್ತಿಗೆ?

ಹಿತ್ತಿಲ_ಆಕಾಶ:
ಕ್ಷಮಿಸಿ, ಸಿಟ್ಟಿನಲ್ಲಿ ಬರೆದುಬಿಟ್ಟೆ. ಕನ್ನಡಿಯದ್ದು, 114/900 ನ್ಯೂಟೋನಿಯನ್ (ಕನ್ನಡಿ 114 ಮಿಮೀ ಅಗಲ, ಫೋಕಸ್ ದೂರ 900 ಮಿಮೀ). ಊರು ಶಿವಮೊಗ್ಗ ಜಿಲ್ಲೆಯ ಸಾಗರದ ಹತ್ತಿರ. ಮನೆ ಹಿತ್ತಿಲಲ್ಲಿ, ಬಚ್ಚಲಮನೆ ಪಕ್ಕ ಇಡುತ್ತೇನೆ. ಸಂಜೆ ಏಳರ ಮೇಲೆ.

ಎಂಟಿಂಚಿನವ:
ಬಚ್ಚಲಮನೆ ಪಕ್ಕನಾ! ಸಂಜೆ ಹಂಡೆ ಒಲೆ ಉರಿಯುತ್ತಾ ಇರುತ್ತದೆ ಅಲ್ವಾ? ಆ ಬಿಸಿಗಾಳಿಯ ಮೇಲಿಂದ ನೋಡಿದರೆ ಯಾವ ಗ್ರಹವೂ ನಿಲ್ಲುವುದಿಲ್ಲ. ಅದೂ ಅಲ್ಲದೆ ಈ ಜನವರಿಯಲ್ಲಿ ಏಳು ಗಂಟೆಗೆ ಗುರು ಪೂರ್ವದಲ್ಲಿ ಇನ್ನೂ ಕೆಳಗೇ ಇರುತ್ತಾನೆ. ಈ 2026ರ ಜನವರಿ 10ಕ್ಕೆ ಸೂರ್ಯನಿಗೆ ಎದುರಾಗಿದ್ದಾನೆ, ಮಿಥುನದಲ್ಲಿದ್ದಾನೆ. ಹನ್ನೊಂದು ಗಂಟೆ ತನಕ ಕಾದರೆ ನಮ್ಮ ಕಡೆ ನೆತ್ತಿ ಹತ್ತಿರವೇ ಬರುತ್ತಾನೆ. ಟೆಲಿಸ್ಕೋಪನ್ನು ಅರ್ಧ ಗಂಟೆ ಮೊದಲೇ ಹೊರಗಿಡಿ, ಕನ್ನಡಿ ತಣಿಯಬೇಕು. ನನ್ನ 8 ಇಂಚಿನ ಡಾಬ್ಸೋನಿಯನ್ ಟೆಲಿಸ್ಕೋಪಿಗೆ ಅದಕ್ಕೆಂದೇ ಹಿಂದೆ ಕಂಪ್ಯೂಟರ್ ಫ್ಯಾನ್ ಕಟ್ಟಿದ್ದೇನೆ. ಮೊನ್ನೆ ಗುರುವಿನ ಮೇಲಿನ ಕೆಂಪು ಮಚ್ಚೆ ಎಷ್ಟು ಚೆನ್ನಾಗಿ ಕಂಡಿತು ಅಂದರೆ, ಒಂದು ಗಂಟೆ ಕಣ್ಣು ತೆಗೆಯಲೇ ಇಲ್ಲ.

ಹಿತ್ತಿಲ_ಆಕಾಶ:
ನಿನ್ನೆ ಬಾವಿಕಟ್ಟೆ ಕಡೆ ಸರಿಸಿ, ಹನ್ನೊಂದೂವರೆಗೆ ನೋಡಿದೆ. ಒಲೆ ಆರಿತ್ತು. ಸ್ವಲ್ಪ ಅಲುಗಾಟ ಕಡಿಮೆ ಆಯಿತು, ಆದರೆ ಮಂಕು ಹಾಗೇ ಇದೆ. ಮೇಷ್ಟ್ರು ಹೇಳಿದ ಹಾಗೆ ಹಿಂದಿನ ಸ್ಕ್ರೂ ಒಂದನ್ನು ಅರ್ಧ ಸುತ್ತು ತಿರುಗಿಸಿದೆ. ಏನೂ ಬದಲಾಗಲಿಲ್ಲ. ಇನ್ನೊಂದು ವಿಚಿತ್ರ: ನಾಬ್ ತಿರುಗಿಸಿದರೆ ನಕ್ಷತ್ರ ಮೆಲ್ಲಗೆ ಒಂದು ಪಕ್ಕಕ್ಕೆ ಜರುಗುತ್ತದೆ.

ಕನ್ನಡಿಮೇಷ್ಟ್ರು:
ಜರುಗುತ್ತದೆ ಅಂದರೆ ಇನ್ನೇನು ಸಾಕ್ಷಿ ಬೇಕು? ಕಾಲಿಮೇಶನ್ನೇ. ಕನ್ನಡಿ ನೇರ ಮಾಡಲು ಒಂದು ಲೇಸರ್ ತರಿಸಿಕೊಳ್ಳಿ.

ಧಾರವಾಡ_ರಾತ್ರಿ:
ಲೇಸರ್ ಯಾಕ್ರೀ ಸುಮ್ನೆ? ಅಗ್ಗದ ಲೇಸರ್ ತಾನೇ ಸೊಟ್ಟ ಇರ್ತದ. ಹಳೇ ಫಿಲ್ಮ್ ಡಬ್ಬಿ ಮುಚ್ಚಳಕ್ಕೆ ನಡುವೆ ತೂತು ಮಾಡಿ ಫೋಕಸರಿಗೆ (ಐಪೀಸ್ ಕೂರುವ ಕೊಳವೆ) ಸಿಕ್ಕಿಸಿದರೆ ಸಾಕು.

ಕನ್ನಡಿಮೇಷ್ಟ್ರು:
ಈಗ ಫಿಲ್ಮ್ ಡಬ್ಬಿ ಎಲ್ಲಿ ಸಿಗುತ್ತದೆ? ನನ್ನ ಲೇಸರನ್ನು ನಾನೇ ತಿರುಗಿಸಿ ತಿರುಗಿಸಿ ಸರಿ ಮಾಡಿಕೊಂಡಿದ್ದೇನೆ. ಆರು ವರ್ಷದಿಂದ ಒಂದು ಕೂದಲೆಳೆ ಆಚೀಚೆ ಆಗಿಲ್ಲ.

ಧಾರವಾಡ_ರಾತ್ರಿ:
ನಿಮ್ಮದು ಸರಿ ಇರಬಹುದ್ರೀ. ಹೊಸಬರು ದುಡ್ಡು ಕೊಟ್ಟು ತಂದ ಲೇಸರ್ ಸರಿ ಇರ್ತದ ಅಂತ ಹೆಂಗ ಹೇಳ್ತೀರಿ?

ತಾರಸಿ_ತಾರೆ:
ಆ ಜಗಳ ಆಮೇಲೆ ಮಾಡೋಣ. ಹಿತ್ತಿಲವರೇ, ಸ್ಕ್ರೂ ಮುಟ್ಟುವುದನ್ನು ನಿಲ್ಲಿಸಿ. ಇವತ್ತು ರಾತ್ರಿ 10ರ ಐಪೀಸಿನಲ್ಲಿ ರೋಹಿಣಿ ನಕ್ಷತ್ರ ಹಿಡಿಯಿರಿ. ಆಮೇಲೆ ಬೇಕೆಂತಲೇ ಫೋಕಸ್ ಕೆಡಿಸಿ. ನಕ್ಷತ್ರ ಉಬ್ಬಿ ಒಂದು ಬಿಲ್ಲೆ ಆಗುತ್ತದೆ. ಆ ಬಿಲ್ಲೆ ಉದ್ದಿನ ವಡೆ ಥರ ನಡುವೆ ಕಪ್ಪು ತೂತು ಇಟ್ಟುಕೊಂಡಿದೆಯಾ, ಇಲ್ಲಾ ಇಡ್ಲಿ ಥರ ತುಂಬಿಕೊಂಡಿದೆಯಾ? ಅಷ್ಟು ಹೇಳಿ.

ಹಿತ್ತಿಲ_ಆಕಾಶ:
ಈಗಷ್ಟೇ ನೋಡಿ ಬಂದೆ. ಇಡ್ಲಿ. ತೂತು ಇಲ್ಲವೇ ಇಲ್ಲ.

ಕನ್ನಡಿಮೇಷ್ಟ್ರು:
ಕಾಲಿಮೇಶನ್ ಅಷ್ಟು ಕೆಟ್ಟಿದೆ ಅಂತ ಅರ್ಥ. ತೂತು ಪೂರಾ ಆಚೆ ಹೋಗಿದೆ.

ತಾರಸಿ_ತಾರೆ:
ಇಲ್ಲ ಮೇಷ್ಟ್ರೇ, ಇಲ್ಲಿ ನಾನು ಒಪ್ಪುವುದಿಲ್ಲ. ಆ ಕಪ್ಪು ತೂತು ಅಂದರೆ ಕೊಳವೆ ಬಾಯಲ್ಲಿರುವ ಸಣ್ಣ ಕನ್ನಡಿಯ ನೆರಳು. ಕಾಲಿಮೇಶನ್ ಕೆಟ್ಟರೆ ನೆರಳು ಒಂದು ಬದಿಗೆ ಸರಿಯುತ್ತದೆ, ವಡೆ ಸೊಟ್ಟ ಆಗುತ್ತದೆ. ನೆರಳೇ ಮಾಯ ಆಗಬೇಕಾದರೆ, ಬೆಳಕು ಸಣ್ಣ ಕನ್ನಡಿಯ ಪಕ್ಕದಿಂದ ಮಾತ್ರ ಒಳಗೆ ಬರುತ್ತಿರಬೇಕು. ನಕ್ಷತ್ರ ಪಕ್ಕಕ್ಕೆ ಜರುಗುವುದೂ ಅದಕ್ಕೇ. ನಾಬ್ ತಿರುಗಿಸಿದರೂ ವ್ಯತ್ಯಾಸ ಗೊತ್ತಾಗದೆ ಇರುವುದೂ ಅದಕ್ಕೇ. ಕಂಡಿ ಸಣ್ಣದಾದಷ್ಟೂ ಫೋಕಸ್ ಸಡಿಲ.

ಹಿತ್ತಿಲವರೇ, ಟೆಲಿಸ್ಕೋಪಿನ ಬಾಯಿಗೆ ಒಂದು ದೊಡ್ಡ ಪ್ಲಾಸ್ಟಿಕ್ ಮುಚ್ಚಳ, ಅದರಲ್ಲೇ ಒಂದು ಪುಟ್ಟ ಮುಚ್ಚಳ ಇರುತ್ತದೆ. ನೀವು ಯಾವುದನ್ನು ತೆಗೆಯುತ್ತೀರಿ?

ಹಿತ್ತಿಲ_ಆಕಾಶ:
ಪುಟ್ಟದ್ದು. ದೊಡ್ಡದು ಬಿಗಿಯಾಗಿತ್ತು, ಅದು ಕೊಳವೆಯದ್ದೇ ಭಾಗ ಅಂದುಕೊಂಡಿದ್ದೆ. ಅದನ್ನೂ ತೆಗೆಯಬೇಕಾ?

ತಾರಸಿ_ತಾರೆ:
ತೆಗೆಯಬೇಕು! ಆ ಪುಟ್ಟ ಕಂಡಿ ಎಷ್ಟಗಲ ಇದೆ, ಅಳೆಯಿರಿ.

ಹಿತ್ತಿಲ_ಆಕಾಶ:
38 ಮಿಮೀ.

ತಾರಸಿ_ತಾರೆ:
ನೋಡಿ, 114ರ ಮೂರನೇ ಒಂದು ಪಾಲು. ಬೆಳಕು ಹೆಚ್ಚುಕಡಿಮೆ ಒಂಬತ್ತನೇ ಒಂದು ಪಾಲು. ಬಿಡಿಸಿ ನೋಡುವ ಶಕ್ತಿಯೂ ಮೂರನೇ ಒಂದು ಪಾಲಿಗೆ ಇಳಿಯುತ್ತದೆ: 1 ಆರ್ಕ್‌ಸೆಕೆಂಡ್ (ಡಿಗ್ರಿಯ 3600ನೇ ಒಂದು ಪಾಲು) ಇರಬೇಕಾದದ್ದು 3 ಆಗಿದೆ. ಚಂದ್ರನಿಗೆ ಬೇಕಾದಷ್ಟು ಬೆಳಕಿದೆ, ಅದಕ್ಕೇ ಅದು ಚೆನ್ನಾಗಿ ಕಂಡಿತು. 4ರ ಐಪೀಸ್ 900ನ್ನು ಭಾಗಿಸಿದರೆ 225 ಪಟ್ಟು. 38 ಮಿಮೀ ಕಂಡಿಗೆ 75 ಪಟ್ಟು ದಾಟಿದರೆ ಬರೀ ಮಬ್ಬೇ. 114ಕ್ಕೂ 225 ಅಂದರೆ ಕೊನೆಯ ಅಂಚು. ಆ 4ರದ್ದನ್ನು ಮಕ್ಕಳಿಗೆ ಹಾಕಬೇಡಿ, 10ರದ್ದು ಸಾಕು.

ಎಂಟಿಂಚಿನವ:
ಆ ಪುಟ್ಟ ಕಂಡಿ ಸೂರ್ಯನನ್ನು ನೋಡಲಿಕ್ಕೆ ಕೊಟ್ಟಿರುವುದು ಅಂತ ಎಲ್ಲೋ ಕೇಳಿದ್ದೆ.

ತಾರಸಿ_ತಾರೆ:
ದಯವಿಟ್ಟು ಇದನ್ನು ಹೀಗೆ ಬರೆಯಬೇಡಿ, ಓದುವವರಲ್ಲಿ ಮಕ್ಕಳೂ ಇರುತ್ತಾರೆ. ಹುಣ್ಣಿಮೆ ಚಂದ್ರನ ಬೆಳಕು ಕಣ್ಣಿಗೆ ಹೊಡೆಯುವಾಗ ಅದು ಉಪಯೋಗಕ್ಕೆ ಬರುತ್ತದೆ. ಕಂಡಿ ಸಣ್ಣದು ಅಂತ ಬರೀ ಹಾಗೇ ಸೂರ್ಯನ ಕಡೆ ತಿರುಗಿಸಿದರೆ ಕಣ್ಣು ಹೋಗುತ್ತದೆ. ಸೌರ ಫಿಲ್ಟರ್ ಕೊಳವೆಯ ಬಾಯಿಗೇ ಕಟ್ಟಬೇಕು. ಐಪೀಸಿಗೆ ತಿರುಪುವ ಕಪ್ಪು ಗಾಜು ಬಂದಿದ್ದರೆ ಎಸೆದುಬಿಡಿ, ಬಿಸಿಗೆ ಅದು ಸೀಳುತ್ತದೆ.

ಎಂಟಿಂಚಿನವ:
ಸರಿ ಅಕ್ಕಾ. ಬಾಯಿಗೆ ಫಿಲ್ಟರ್ ಇಲ್ಲದೆ ಯಾರೂ ನೋಡಬೇಡಿ.

ಹಿತ್ತಿಲ_ಆಕಾಶ:
ಈಗ ರಾತ್ರಿ ಹನ್ನೆರಡು. ಕೈ ನಡುಗುತ್ತಿದೆ, ಚಳಿಗೋ ಖುಷಿಗೋ ಗೊತ್ತಿಲ್ಲ. ದೊಡ್ಡ ಮುಚ್ಚಳ ತೆಗೆದೆ. ಎರಡು ಕಂದು ಪಟ್ಟೆ ಕಂಡವು! ಚಂದ್ರರು ಸೂಜಿಮೊನೆ ಥರ ಸಾಲಾಗಿ ನಿಂತಿದ್ದಾರೆ. ಹೆಂಡತಿಯನ್ನು ಎಬ್ಬಿಸಿ ತೋರಿಸಿದೆ.

ಆದರೆ ರೋಹಿಣಿಯಲ್ಲಿ ಈಗ ವಡೆಯ ತೂತು ಒಂದು ಬದಿಗೆ ಇದೆ. ನಾನು ಸ್ಕ್ರೂ ತಿರುಗಿಸಿದ್ದಕ್ಕಾ?

ಕನ್ನಡಿಮೇಷ್ಟ್ರು:
ಹೌದು, ಈಗ ಇದು ಕಾಲಿಮೇಶನ್. ಯಾವ ಸ್ಕ್ರೂ ತಿರುಗಿಸಿದಿರೋ ಅದನ್ನೇ ಅರ್ಧ ಸುತ್ತು ಹಿಂದಕ್ಕೆ ತಿರುಗಿಸಿ. ಕಾಲು ಸುತ್ತಿಗೊಮ್ಮೆ ನಿಲ್ಲಿಸಿ, ನಕ್ಷತ್ರವನ್ನು ಮತ್ತೆ ನಡುವಿಗೆ ತಂದು ನೋಡಿ. ತೂತು ನಡುವಿಗೆ ಬಂದ ತಕ್ಷಣ ಬಿಟ್ಟುಬಿಡಿ. ಮುಚ್ಚಳದ ವಿಷಯ ನಾನು ಮೊದಲೇ ಕೇಳಬೇಕಿತ್ತು. ಲೇಸರ್ ಬೇಡ.

ಧಾರವಾಡ_ರಾತ್ರಿ:
1610ರ ಜನವರಿಯೊಳಗ ಗೆಲಿಲಿಯೋ ಇದೇ ನಾಲ್ಕು ಚಂದ್ರರನ್ನ ಕಂಡಿದ್ದೂ ಇಂಥಾದ್ದೇ ಸಣ್ಣ ಕಂಡಿಯ ದುರ್ಬೀನಿನೊಳಗ. ಶನಿವಾರ ಮಕ್ಕಳಿಗೆ ಮೊದಲು ಪುಟ್ಟ ಮುಚ್ಚಳ ತೆಗೆದು ತೋರಿಸ್ರೀ, ಆಮೇಲೆ ದೊಡ್ಡದು.

ಹಿತ್ತಿಲ_ಆಕಾಶ:
ಹಾಗೇ ಮಾಡುತ್ತೇನೆ. ಅಂದಹಾಗೆ, ಒಂದು ಗಂಟೆಯ ಹೊತ್ತಿಗೆ ಐಪೀಸಿನ ಮೇಲೆ ಇಬ್ಬನಿ ಕೂತು ಮತ್ತೆ ಮಂಕಾಯಿತು. ಬಟ್ಟೆಯಲ್ಲಿ ಒರೆಸಬಹುದಾ?

ತಾರಸಿ_ತಾರೆ:
ಒರೆಸಬೇಡಿ! ಗೀರು ಬೀಳುತ್ತದೆ. ಐಪೀಸನ್ನು ಜೇಬಿನಲ್ಲಿ ಇಟ್ಟುಕೊಳ್ಳಿ, ಮೈ ಬಿಸಿಗೆ ಹತ್ತು ನಿಮಿಷದಲ್ಲಿ ಆರುತ್ತದೆ.