ದಿನಸಿ ಅಂಗಡಿಗೆ ಯಾವ ತಕ್ಕಡಿ ತಗೊಳ್ಳಲಿ?

ಸಂಬಾರ ಬಟ್ಟಲು: ಶಿವಮೊಗ್ಗದಲ್ಲಿ ಅಂಗಡಿ ಇಡುತ್ತಿದ್ದೇನೆ. ಅಕ್ಕಿ ಬೇಳೆ ಜೊತೆಗೆ ಏಲಕ್ಕಿ, ಲವಂಗ 20 ಗ್ರಾಂ, 50 ಗ್ರಾಂ ಬಿಡಿಯಾಗಿ ಮಾರಬೇಕು. 30 ಕೆಜಿವರೆಗೆ 5 ಗ್ರಾಂ ಲೆಕ್ಕದಲ್ಲಿ ತೋರಿಸುವ ಎಲೆಕ್ಟ್ರಾನಿಕ್ ತಕ್ಕಡಿ ಒಂದೇ ಸಾಕಾ? ಆನ್‌ಲೈನಲ್ಲಿ ದೆಹಲಿಯವನೊಬ್ಬ ಅಗ್ಗಕ್ಕೆ ಕೊಡುತ್ತಿದ್ದಾನೆ.

ಕಾಟಾ ರಿಪೇರಿ: ಸಾಕಾಗಲ್ಲ. ಅಂಗಡಿಗೆ ಬರುವ ಮೂರನೇ ದರ್ಜೆಯ (ನಿಖರತೆಯ ದರ್ಜೆ) ತಕ್ಕಡಿಯಲ್ಲಿ ಒಂದು ಮನೆಯ, ಅಂದರೆ ಅಂಕಿ ಒಂದು ಸಲಕ್ಕೆ ಏರುವ ಅಳತೆಯ, 20 ಪಟ್ಟಿಗಿಂತ ಕಡಿಮೆ ತೂಗಬಾರದು. 5 ಗ್ರಾಮಿನದಾದರೆ 100 ಗ್ರಾಂ. 22 ಗ್ರಾಂ ಏಲಕ್ಕಿ ಇಟ್ಟರೂ 20 ಅಂತಲೇ ತೋರಿಸುತ್ತದೆ, 2 ಗ್ರಾಂ ನಿಮಗೇ ಲಾಸ್. ಇನ್ನೊಂದು, ದೆಹಲಿಯಲ್ಲಿ ಸರಿ ಮಾಡಿದ ಯಂತ್ರ ಇಲ್ಲಿ ಕೆಜಿಗೆ ಹೆಚ್ಚೂಕಡಿಮೆ 1 ಗ್ರಾಂ ಕಡಿಮೆ ತೋರಿಸುತ್ತದೆ.

ಗಾಂಧಿಬಜಾರ್ ಹುಡುಗ: "ಇಲ್ಲಿ ಕಡಿಮೆ ತೋರಿಸುತ್ತದೆ" ಅಂತೆ! ಒಂದು ಕೆಜಿ ಎಲ್ಲಿದ್ದರೂ ಒಂದು ಕೆಜಿನೇ ಗುರು. ಲೋಕಲ್ ಡೀಲರ್ ಕಮಿಷನ್ ಎಷ್ಟು ಕೊಡುತ್ತಾನೆ?

ಪಿಯು ಮೇಡಂ: ದ್ರವ್ಯರಾಶಿ ಬದಲಾಗಲ್ಲಪ್ಪ. ಆದರೆ ಯಂತ್ರದೊಳಗಿನ ಲೋಡ್ ಸೆಲ್ ಅಳೆಯುವುದು ಅದರ ಮೇಲೆ ಬೀಳುವ ಬಲವನ್ನ. ಗುರುತ್ವ, ಅಂದರೆ ಭೂಮಿಯ ಸೆಳೆತ, ದೆಹಲಿಯಲ್ಲಿ ಸುಮಾರು 9.791 ಮೀ/ಸೆ², ಬೆಂಗಳೂರಲ್ಲಿ 9.780. ಸಮಭಾಜಕ ರೇಖೆಗೆ ಹತ್ತಿರ ಬಂದಷ್ಟೂ, ಎತ್ತರಕ್ಕೆ ಹೋದಷ್ಟೂ ಸೆಳೆತ ಕಡಿಮೆ.

ಗಾಂಧಿಬಜಾರ್ ಹುಡುಗ: "ಎತ್ತರಕ್ಕೆ ಹೋದಷ್ಟೂ" ಕಡಿಮೆನಾ? ಹಾಗಾದರೆ ಮಂಗಳೂರಿನವರು ಮಡಿಕೇರಿಗೆ ಹೋದರೆ ಸಾಕು, ಡಯಟ್ ಬೇಡ ಅಲ್ವಾ ಮೇಡಂ, ಹಹಹ.

ಪಿಯು ಮೇಡಂ: ಮನೆಯ ಮೆಷಿನ್‌ನಲ್ಲಿ ಕಾಣುವಷ್ಟಲ್ಲ. ನಗುವ ಮೊದಲು ಪುಸ್ತಕ ತೆಗೆದು ನೋಡಿ.

ಹಳೇ ತಕ್ಕಡಿ: ಎರಡು ತಟ್ಟೆಯ ತಕ್ಕಡಿಗೆ ಈ ಸೆಳೆತದ ಕಾಟವೇ ಇಲ್ಲ, ಕಲ್ಲನ್ನೂ ಸಾಮಾನನ್ನೂ ಒಂದೇ ಸಮ ಎಳೆಯುತ್ತದೆ. ಕರೆಂಟು ಬೇಡ. ಸರ್ಕಾರಿ ತಪಾಸಣೆಯ ಸೀಲ್ ಕೂಡ ಎರಡು ವರ್ಷಕ್ಕೊಮ್ಮೆ, ಎಲೆಕ್ಟ್ರಾನಿಕ್‌ಗಾದರೆ ವರ್ಷ ವರ್ಷ.

ಗಾಂಧಿಬಜಾರ್ ಹುಡುಗ: "ಕರೆಂಟು ಬೇಡ". ತಟ್ಟೆಯ ಅಡಿಗೆ ಹುಣಸೆಹಣ್ಣು ಅಂಟಿಸೋಕೂ ಕರೆಂಟು ಬೇಡ.

ಹಳೇ ತಕ್ಕಡಿ: ನಾಲಿಗೆ ಹಿಡಿತದಲ್ಲಿರಲಿ ತಮ್ಮಾ. ನಮ್ಮಪ್ಪನ ಕಾಲದಿಂದ ವ್ಯಾಪಾರ ಮಾಡುತ್ತಿದ್ದೇವೆ, ಒಬ್ಬ ಗಿರಾಕಿ ಬಾಯಲ್ಲಿ ಒಂದು ಮಾತು ಬಂದಿಲ್ಲ. ನಿಮ್ಮ ಯಂತ್ರದವರು ಸ್ವೀಟ್ ಡಬ್ಬದ ತೂಕ ಕಳೆಯದೆ, ರಟ್ಟನ್ನೂ ಮೈಸೂರುಪಾಕಿನ ರೇಟಿಗೆ ಮಾರುತ್ತಾರಲ್ಲ, ಮೊದಲು ಅದಕ್ಕೆ ಉತ್ತರ ಕೊಡು.

ಗಾಂಧಿಬಜಾರ್ ಹುಡುಗ: ನಾನು ಸ್ವೀಟ್ ಮಾರಲ್ಲ. "ಕೆಜಿಗೆ 1 ಗ್ರಾಂ" ಅಂದವರು ಎಲ್ಲಿ? ತಕ್ಕಡಿ ಓದೋದೇ 5 ಗ್ರಾಂ ಲೆಕ್ಕದಲ್ಲಿ, ಕಾಣದ 1 ಗ್ರಾಮಿಗೆ ಇಷ್ಟು ಗಲಾಟೆ!

ಕಾಟಾ ರಿಪೇರಿ: 20 ಕೆಜಿ ಅಕ್ಕಿ ತೂಗಿ. 20 ಗ್ರಾಂ, ಅಂದರೆ ನಾಲ್ಕು ಮನೆ. ಆಗ ಕಾಣುತ್ತದೆ. ಇಲ್ಲೇ ಕಲ್ಲಿಟ್ಟು ಸರಿ ಮಾಡಿಸಿ, ಕಾನೂನು ಮಾಪನಶಾಸ್ತ್ರ ಇಲಾಖೆಯ ಸೀಲ್ ಹಾಕಿಸಿದರೆ ಮುಗೀತು. ಸೀಲ್ ಇಲ್ಲದೆ ವ್ಯಾಪಾರ ಮಾಡಿದರೆ ದಂಡ.

ಗಾಂಧಿಬಜಾರ್ ಹುಡುಗ: "ಇಲ್ಲೇ ಸರಿ ಮಾಡಿಸಿ". ಹಾಗಾದರೆ ದೆಹಲಿಯದೂ ನಡೆಯುತ್ತದೆ, ಸುಮ್ನೆ ಹೆದರಿಸಿದ್ದು ಯಾಕೆ?

ಸಂಬಾರ ಬಟ್ಟಲು: ಸರ್, ನನ್ನ ಏಲಕ್ಕಿ ಅಲ್ಲೇ ಉಳಿಯಿತು.

ಕಾಟಾ ರಿಪೇರಿ: 3 ಕೆಜಿಯ, ಅರ್ಧ ಗ್ರಾಂ ಲೆಕ್ಕದ್ದು ಇನ್ನೊಂದು ತಗೊಳ್ಳಿ. 10 ಗ್ರಾಂನಿಂದ ತೂಗಬಹುದು. ಫ್ಯಾನ್ ಕೆಳಗೆ ಮಾತ್ರ ಇಡಬೇಡಿ, ಅಂಕಿ ಕುಣಿಯುತ್ತದೆ.

ಹಳೇ ತಕ್ಕಡಿ: "ಅಂಕಿ ಕುಣಿಯುತ್ತದೆ". ನೋಡಿ, ಅವರ ಬಾಯಿಂದಲೇ ಬಂತು.