ಯೆಶಾಯನ ‘ಕನ್ಯೆ’ ಯಾರು? ಮೆಸ್ಸೀಯನ ಪ್ರವಾದನೆಗಳ ಬಗ್ಗೆ ಒಂದು ಪ್ರಶ್ನೋತ್ತರ

ಪ್ರಶ್ನೆ:
ಅಯ್ಯನವರೇ, ವಂದನೆಗಳು. ಧಾರವಾಡದಲ್ಲಿ ಎಂ.ಎಸ್ಸಿ. ಓದುತ್ತಿದ್ದೇನೆ. ನನ್ನ ಕ್ರಿಸ್‌ಮಸ್ ಕಾರ್ಡಿನಲ್ಲಿ ‘ಕನ್ಯೆಯು ಗರ್ಭಿಣಿಯಾಗುವಳು’ ಎಂಬ ಪ್ರವಾದಿ ಯೆಶಾಯನ ಮಾತಿತ್ತು (ಯೆಶಾಯ 7:14). ಅದನ್ನು ನೋಡಿ ಹಾಸ್ಟೆಲಿನ ರೂಮ್‌ಮೇಟ್ ಮೂರು ಆಕ್ಷೇಪ ಎತ್ತಿದ. ಹೀಬ್ರೂವಿನಲ್ಲಿರುವುದು ‘ಯುವತಿ’, ‘ಕನ್ಯೆ’ ಅಲ್ಲ. ಆ ಮಾತು ಯೇಸುವಿಗಿಂತ ಏಳುನೂರು ವರ್ಷ ಹಿಂದಿನ ರಾಜನಿಗೆ ಹೇಳಿದ್ದು. ಸುವಾರ್ತೆ ಬರೆದ ಮತ್ತಾಯ ಅದನ್ನು ಸಂದರ್ಭದಿಂದ ಕಿತ್ತು ಯೇಸುವಿನ ಜನನಕ್ಕೆ ತಂದಿದ್ದಾನೆ. ಸಭೆಯಲ್ಲಿ ಕೇಳಿದೆ, ‘ಸಂಶಯಪಡಬೇಡ, ಪ್ರಾರ್ಥಿಸು’ ಅಂದರು. ಪ್ರಾರ್ಥಿಸುತ್ತಲೇ ಇದ್ದೇನೆ. ಆದರೆ ಉತ್ತರವೂ ಬೇಕು.

ಉತ್ತರ (ಹಳೆಯ ಒಡಂಬಡಿಕೆ ಕಲಿಸುವವರು):
ತಮ್ಮಾ, ನಿಮ್ಮ ಗೆಳೆಯ ಹೇಳಿದ್ದರಲ್ಲಿ ಮೊದಲ ಎರಡು ಬಹುಮಟ್ಟಿಗೆ ಸರಿ. ಅದನ್ನು ಒಪ್ಪಿಕೊಂಡೇ ಮಾತು ಶುರು ಮಾಡೋಣ.

ಹೀಬ್ರೂವಿನ ಪದ ‘ಅಲ್ಮಾ’. ಮದುವೆಯ ವಯಸ್ಸಿಗೆ ಬಂದ ಹುಡುಗಿ ಎಂದರ್ಥ. ನಮ್ಮ ಉತ್ತರ ಕರ್ನಾಟಕದ ಕಡೆ ‘ಕನ್ಯಾ ನೋಡಾಕ ಹೋಗ್ಯಾರ’ ಅನ್ನುತ್ತಾರಲ್ಲ, ಅಲ್ಲಿ ‘ಕನ್ಯಾ’ ಅಂದರೆ ಮದುವೆಗೆ ಬಂದ ಹುಡುಗಿ. ಆಕೆ ಗಂಡಸಿನ ಸಂಗ ಅರಿಯದವಳು ಎಂದು ಎಲ್ಲರೂ ಎಣಿಸಿರುತ್ತಾರೆ, ಆದರೆ ಪದ ಹೇಳುವುದು ಅದನ್ನಲ್ಲ. ಅಲ್ಮಾ ಕೂಡ ಹಾಗೇ. ಆದಿಕಾಂಡ 24ರಲ್ಲಿ ಬಾವಿಯ ಬಳಿ ನೀರಿಗೆ ಬಂದ ರೆಬೆಕ್ಕಳಿಗೂ ಇದೇ ಪದವಿದೆ. ಯೇಸು ಹುಟ್ಟುವುದಕ್ಕೆ ನೂರು ವರ್ಷಕ್ಕೂ ಮುಂಚೆ ಯೆಹೂದ್ಯರೇ ಯೆಶಾಯನನ್ನು ಗ್ರೀಕಿಗೆ ತಂದಾಗ ಇಲ್ಲಿ ‘ಪಾರ್ಥೆನೋಸ್’, ಅಂದರೆ ಸಾಮಾನ್ಯವಾಗಿ ಕನ್ಯೆ, ಎಂದು ಬರೆದರು. ಮತ್ತಾಯ ಬಳಸಿದ್ದು ಆ ಅನುವಾದವನ್ನು, ತಾನೇ ಪದ ತಿದ್ದಲಿಲ್ಲ. ಹಾಗಂತ ಪಾರ್ಥೆನೋಸ್ ಎಂದ ಕೂಡಲೇ ಕನ್ಯಾಜನನ ಸಾಬೀತಾಯಿತು ಅನ್ನಬೇಡಿ. ಅದೇ ಗ್ರೀಕ್ ಅನುವಾದ ಆದಿಕಾಂಡ 34ರಲ್ಲಿ, ಶೆಕೆಮನು ಕೆಡಿಸಿದ ಮೇಲೂ ದೀನಳನ್ನು ಪಾರ್ಥೆನೋಸ್ ಎಂದೇ ಕರೆಯುತ್ತದೆ. ಈ ಪದದ ಜಗಳ ಹಳೆಯದು. ಎರಡನೆಯ ಶತಮಾನದಲ್ಲೇ ಜಸ್ಟಿನ್ ಎಂಬ ಕ್ರೈಸ್ತ ವಿದ್ವಾಂಸ ತ್ರೂಫೋ ಎಂಬ ಯೆಹೂದ್ಯನ ಜೊತೆ ನಡೆಸಿದ ವಾದವನ್ನು ಬರೆದಿಟ್ಟಿದ್ದಾನೆ. ಅಲ್ಲಿ ತ್ರೂಫೋ ಎತ್ತುವ ಆಕ್ಷೇಪವೂ ಇದೇ. ಯೆಹೂದ್ಯರು ಗ್ರಂಥವನ್ನೇ ತಿದ್ದಿದ್ದಾರೆ ಎಂದು ಜಸ್ಟಿನ್ ದೂರಿದ. ಅದು ತಪ್ಪು ಉತ್ತರ. ಅಂಥ ದೂರುಗಳು ಮುಂದೆ ಯೆಹೂದ್ಯರಿಗೆ ತಂದ ಕಷ್ಟ ನೆನೆದರೆ ನನಗೆ ನೋವಾಗುತ್ತದೆ.

ಇನ್ನು ಸಂದರ್ಭ. ಕ್ರಿ.ಪೂ. 735ರ ಆಸುಪಾಸು. ಅರಾಮಿನ (ಸಿರಿಯದ) ರಾಜ ರೆಚೀನ, ಇಸ್ರಾಯೇಲಿನ ರಾಜ ಪೆಕಹ ಇಬ್ಬರೂ ಸೇರಿ ಯೆರೂಸಲೇಮಿನ ಮೇಲೆ ಬಂದಿದ್ದಾರೆ. ಅಲ್ಲಿನ ರಾಜ ಆಹಾಜ ನಡುಗುತ್ತಿದ್ದಾನೆ. ಹುಟ್ಟುವ ಮಗುವಿಗೆ ಒಳ್ಳೆಯದು ಕೆಟ್ಟದ್ದು ತಿಳಿಯುವ ಮುಂಚೆ ಆ ಇಬ್ಬರು ರಾಜರ ನೆಲ ಹಾಳಾಗುತ್ತದೆ ಎನ್ನುತ್ತಾನೆ ಯೆಶಾಯ (7:16). ಕ್ರಿ.ಪೂ. 732ರಲ್ಲಿ ಅಶ್ಶೂರದವರು ದಮಸ್ಕವನ್ನು ಹಿಡಿದರು. ಹೆದರಿ ಕೂತ ಆಹಾಜನಿಗೆ ಏಳುನೂರು ವರ್ಷದ ನಂತರದ ಗುರುತಿನಿಂದ ಏನು ಪ್ರಯೋಜನ? ಆದ್ದರಿಂದ ಆ ಕಾಲಕ್ಕೇ ಒಂದು ಮಗು ಹುಟ್ಟಿತ್ತು ಎಂದೇ ನಾನೂ ಓದುತ್ತೇನೆ. ಆದರೆ ಆ ಮಗುವಿಗೆ 7:14 ಇಡುವ ‘ಇಮ್ಮಾನುವೇಲ್’ (ದೇವರು ನಮ್ಮೊಂದಿಗೆ) ಎಂಬ ಹೆಸರು ಅಲ್ಲಿಗೆ ಮುಗಿಯುವುದಿಲ್ಲ. 8:8ರಲ್ಲಿ ಇಡೀ ದೇಶವೇ ಇಮ್ಮಾನುವೇಲನದು. 9ನೇ ಅಧ್ಯಾಯದಲ್ಲಿ ದಾವೀದನ ಸಿಂಹಾಸನದ ಮೇಲೆ ಕೂರುವ ಮಗು, 11ರಲ್ಲಿ ದಾವೀದನ ತಂದೆ ಇಷಯನ ಬುಡದಿಂದ ಒಡೆಯುವ ಚಿಗುರು. ಆಹಾಜನ ಕಾಲದ ಯಾವ ಮಗುವೂ ಹಿಡಿಸಲಾರದಷ್ಟು ನಿರೀಕ್ಷೆ ಅದೇ ಗ್ರಂಥದೊಳಗೇ ಬೆಳೆಯುತ್ತದೆ.

ಮೂರನೆಯದಕ್ಕೆ ಮತ್ತಾಯನ ಭಾಷೆ ನೋಡಬೇಕು. ನಮ್ಮ ಕನ್ನಡದಲ್ಲಿ ‘ನೆರವೇರಿತು’ ಎಂದಿದೆ. ಕೇಳಿದ ತಕ್ಷಣ, ಭವಿಷ್ಯ ಹೇಳಿದ್ದರು, ಹಾಗೇ ಆಯಿತು ಎಂದು ಮನಸ್ಸಿಗೆ ಬರುತ್ತದೆ. ಗ್ರೀಕಿನ ‘ಪ್ಲೇರೋಒ’ಗೆ ಮೂಲ ಅರ್ಥ ತುಂಬುವುದು. ಮತ್ತಾಯ 13:48ರಲ್ಲಿ ಬಲೆ ಮೀನಿನಿಂದ ತುಂಬಿತು ಎನ್ನುವಾಗ ಇರುವುದೂ ಇದೇ ಕ್ರಿಯಾಪದ. ಮತ್ತಾಯ ಯೇಸುವಿನಲ್ಲಿ ನೆರವೇರಿತು ಎನ್ನುವ ಇನ್ನೊಂದು ವಚನ, ಹೋಶೇಯ 11:1, ತೆಗೆದು ನೋಡಿ. ‘ಐಗುಪ್ತದಿಂದ ನನ್ನ ಮಗನನ್ನು ಕರೆದೆನು’ ಎಂಬುದು ಭವಿಷ್ಯವೇ ಅಲ್ಲ, ಇಸ್ರಾಯೇಲರ ಬಿಡುಗಡೆಯ ನೆನಪು. ಮುಂದಿನ ವಚನದಲ್ಲೇ ಆ ‘ಮಗ’ ಬಾಳ್ ದೇವರುಗಳಿಗೆ ಬಲಿ ಕೊಡುತ್ತಾನೆ. ಯೆಹೂದ್ಯನಾದ ಮತ್ತಾಯನಿಗೆ ಇದು ತಿಳಿದಿರಲಿಲ್ಲವೇ? ಇಸ್ರಾಯೇಲ್ ನಡೆದು ಸೋತ ದಾರಿಯನ್ನು ಯೇಸು ಮತ್ತೆ ನಡೆದು ತುಂಬಿಕೊಟ್ಟ ಎಂಬುದು ಅವನ ಮಾತು. ಒಪ್ಪುವುದು ಬಿಡುವುದು ನಿಮ್ಮ ಗೆಳೆಯನಿಗೆ ಬಿಟ್ಟದ್ದು, ಆದರೆ ಇದು ಮೋಸವಲ್ಲ.

ಇನ್ನೊಬ್ಬ ಸದಸ್ಯರು:
ನಾನು ನಂಬುವವನಲ್ಲ ಸರ್, ಇತಿಹಾಸದ ಆಸಕ್ತಿಯಿಂದ ಓದುತ್ತಿದ್ದೇನೆ. ನೀವು ಹೇಳಿದಂತೆ ಪಠ್ಯ ಮೊದಲೇ ಕೈಯಲ್ಲಿತ್ತು. ಹಾಗಿದ್ದರೆ ಪಠ್ಯಕ್ಕೆ ತಕ್ಕಂತೆ ಕಥೆ ಹೆಣೆದರು ಅನ್ನಲು ಏನು ಅಡ್ಡಿ?

ಉತ್ತರ:
ನ್ಯಾಯವಾದ ಪ್ರಶ್ನೆ ಸರ್. ಕೆಲವು ಕಡೆ ಪಠ್ಯ ಕಥನದ ಮೇಲೆ ಪ್ರಭಾವ ಬೀರಿದೆ. ಅರಸ ಕತ್ತೆ ಏರಿ ಬರುವ ಜೆಕರ್ಯ 9:9ರ ಕಾವ್ಯದಲ್ಲಿ ಒಂದೇ ಕತ್ತೆಯನ್ನು ಎರಡು ಸಾಲಿನಲ್ಲಿ ಹೇಳಿದೆ, ಯೇಸು ಯೆರೂಸಲೇಮಿಗೆ ಬರುವ ಮತ್ತಾಯ 21ರಲ್ಲಿ ಕತ್ತೆ, ಅದರ ಮರಿ ಎರಡೂ ಬರುತ್ತವೆ. ಅದನ್ನು ಮುಚ್ಚಿಡಲಾರೆ.

ಆದರೆ ಪಠ್ಯ ನೋಡಿಕೊಂಡು ಕಥೆ ಕಟ್ಟುವವನು ಒದಗುವ ಪಠ್ಯವನ್ನೇ ಆರಿಸುತ್ತಾನೆ ಅಲ್ಲವೇ? ಮತ್ತಾಯ 2:23ರಲ್ಲಿ ‘ನಜರೇತಿನವನೆಂದು ಕರೆಯಲ್ಪಡುವನು’ ಎಂಬುದನ್ನು ಪ್ರವಾದಿಗಳ ಮಾತು ಎಂದಿದೆ. ಹಳೆಯ ಒಡಂಬಡಿಕೆಯಲ್ಲಿ ಅಂಥ ವಚನವಿಲ್ಲ, ನಜರೇತಿನ ಹೆಸರೇ ಇಲ್ಲ. ಯೇಸು ನಜರೇತಿನವನು ಎಂಬ ಬದಲಿಸಲಾಗದ ಸಂಗತಿ ಮೊದಲಿತ್ತು, ಅದಕ್ಕೆ ಗ್ರಂಥದ ಆಧಾರ ಆಮೇಲೆ ಹುಡುಕಿದ್ದು. ಶಿಲುಬೆಯಂತೂ ಇನ್ನೂ ದೊಡ್ಡ ತೊಡಕು. ಮರಕ್ಕೆ ತೂಗುಹಾಕಲ್ಪಟ್ಟವನು ದೇವರ ಶಾಪಕ್ಕೆ ಗುರಿ ಎನ್ನುತ್ತದೆ ಧರ್ಮೋಪದೇಶಕಾಂಡ 21:23. ಮೆಸ್ಸೀಯನನ್ನು, ಅಂದರೆ ದೇವರು ಕಳಿಸುವ ಅರಸನನ್ನು, ಕಲ್ಪಿಸಿ ಕಟ್ಟಲು ಕೂತ ಯೆಹೂದ್ಯ ಯಾರೂ ಅಲ್ಲಿಂದ ಶುರು ಮಾಡುತ್ತಿರಲಿಲ್ಲ.

ಇದರಿಂದ ಪುನರುತ್ಥಾನ ಸಾಬೀತಾಗುವುದಿಲ್ಲ. ಘಟನೆ ಮೊದಲು, ಓದು ಆಮೇಲೆ ಎಂಬುದಷ್ಟೇ ತಿಳಿಯುತ್ತದೆ. ಲೂಕ 24ರಲ್ಲಿ ಯೇಸು ಸತ್ತ ಮೇಲೆ ಎಮ್ಮಾಹು ಎಂಬ ಊರಿನ ದಾರಿ ಹಿಡಿದ ಇಬ್ಬರು ಶಿಷ್ಯರಿಗೂ ಗ್ರಂಥ ಗೊತ್ತಿತ್ತು. ಆದರೂ ‘ಆತನೇ ಬಿಡಿಸುವವನೆಂದು ನಿರೀಕ್ಷಿಸಿಕೊಂಡಿದ್ದೆವು’ ಎಂದು ಸಪ್ಪೆ ಮುಖ ಹಾಕಿಕೊಂಡು ಹೊರಟಿದ್ದರು. ಜೀವಂತ ಯೇಸು ಜೊತೆಯಾಗಿ ಬಿಡಿಸಿ ಹೇಳಿದ ಮೇಲೆ ಗೊತ್ತಿದ್ದ ಸಾಲುಗಳೇ ಬೇರೆಯಾಗಿ ಕಂಡವು. ನನ್ನ ನಂಬಿಕೆಯೂ ಆ ಕ್ರಮದಲ್ಲೇ ಬಂದದ್ದು.

ಸಂಡೇ ಸ್ಕೂಲ್ ಟೀಚರ್ ಒಬ್ಬರು:
ಅಯ್ಯನವರೇ, ಹಾಗಾದರೆ ನಾವು ಮಕ್ಕಳಿಗೆ ಹೇಳುವ ಆ ಲೆಕ್ಕ? ಎಂಟು ಪ್ರವಾದನೆ ಒಬ್ಬನಲ್ಲೇ ಕೂಡಿಬರುವ ಸಾಧ್ಯತೆ 10ರ 17ನೇ ಘಾತದಲ್ಲಿ ಒಂದು ಅಂತ.

ಉತ್ತರ:
ಬಿಟ್ಟುಬಿಡಿ ಅಕ್ಕಾ. ಅಮೆರಿಕದ ಗಣಿತದ ಪ್ರಾಧ್ಯಾಪಕರೊಬ್ಬರು ಹಾಕಿದ ಲೆಕ್ಕ ಅದು. ಒಂದೊಂದು ಪ್ರವಾದನೆಗೂ ಇಟ್ಟ ಸಾಧ್ಯತೆ ಅಂದಾಜಿನದು. ಆ ಎಂಟರಲ್ಲಿ ಕತ್ತೆಯ ಸವಾರಿಯೂ ಇದೆ. ಜೆಕರ್ಯನನ್ನು ಓದಿದ ಯಾರಾದರೂ ಬೇಕೆಂದೇ ಕತ್ತೆ ಏರಬಹುದು. ಯೇಸುವೂ ತಿಳಿದೇ ಏರಿದ, ತಾನು ಎಂಥ ಅರಸನೆಂದು ತೋರಿಸಲು. ಅದರ ಸೊಗಸು ಇರುವುದೇ ಅಲ್ಲಿ. ಆ ಮಕ್ಕಳು ನಾಳೆ ಕಾಲೇಜಿಗೆ ಹೋಗಿ ಲೆಕ್ಕ ಕುಸಿದದ್ದು ಕಂಡಾಗ ನಂಬಿಕೆಯೂ ಜೊತೆಗೆ ಕುಸಿಯುತ್ತದೆ.

ಬದಲಿಗೆ ಇತರರಿಗಾಗಿ ನೋವುಂಡ ‘ಸೇವಕ’ನ ಬಗ್ಗೆ ಹೇಳುವ ಯೆಶಾಯ 53 ಓದಿಸಿ, ಕುಮ್ರಾನಿನ ಸುರುಳಿಯ ಕಥೆ ಹೇಳಿ. ಮೃತ ಸಮುದ್ರದ ಬಳಿಯ ಗುಹೆಯಲ್ಲಿ 1947ರಲ್ಲಿ ಸಿಕ್ಕ ಆ ಯೆಶಾಯನ ಸುರುಳಿ ಯೇಸುವಿಗಿಂತ ಹಳೆಯದು. ಆದ್ದರಿಂದ ಕ್ರೈಸ್ತರು ಆಮೇಲೆ ಬರೆದು ಸೇರಿಸಿದ್ದು ಅನ್ನಲಾಗದು. ಆ ನೊಂದ ‘ಸೇವಕ’ ಇಸ್ರಾಯೇಲ್ ಜನಾಂಗವೇ ಎಂದು ಯೆಹೂದ್ಯರು ಓದುತ್ತಾರೆ, ಅದನ್ನೂ ಮಕ್ಕಳಿಗೆ ಹೇಳಿ. ಸೇವಕನನ್ನು ಇಸ್ರಾಯೇಲ್ ಎಂದೇ ಕರೆಯುವ 49:3ರ ಆಧಾರ ಅವರಿಗಿದೆ. ಹಾಗೇ 49:6ರಲ್ಲಿ ಅದೇ ಸೇವಕ ಇಸ್ರಾಯೇಲನ್ನು ಎತ್ತಿ ನಿಲ್ಲಿಸಬೇಕಾದವನು, ಅದೂ ಇದೆ.

ಮೊದಲು ಕೇಳಿದವರು:
ಅಯ್ಯನವರೇ, ರೂಮ್‌ಮೇಟ್ ಪಕ್ಕದಲ್ಲೇ ಕೂತು ಓದುತ್ತಿದ್ದಾನೆ. ಯೆಶಾಯ 2:4 ಹೇಳುವಂತೆ ಯುದ್ಧ ನಿಂತು ಕತ್ತಿಗಳು ನೇಗಿಲ ಗುಳಗಳಾಗುವ ಕಾಲ ಎಲ್ಲಿ ಬಂತು ಅಂತ ಕೇಳುತ್ತಿದ್ದಾನೆ.

ಉತ್ತರ:
ಎಲ್ಲಕ್ಕಿಂತ ಗಟ್ಟಿಯಾದ ಆಕ್ಷೇಪ ಇದೇ. ಬಾರ್ಸಿಲೋನಾದಲ್ಲಿ 1263ರಲ್ಲಿ ಆರಗಾನಿನ ರಾಜನ ಎದುರು ನಡೆದ ವಾದದಲ್ಲಿ ಯೆಹೂದ್ಯ ಗುರು ರಬ್ಬಿ ಮೋಶೆ ಬೆನ್ ನಹ್ಮಾನ್ ಇದನ್ನೇ ಕೇಳಿದರು: ಯೇಸುವಿನ ಕಾಲದಿಂದ ಇಲ್ಲಿಯವರೆಗೆ ಲೋಕ ಹಿಂಸೆಯಿಂದಲೇ ತುಂಬಿದೆಯಲ್ಲ? ಹಿಂಸೆ ಮಾಡಿದವರಲ್ಲಿ ಕ್ರೈಸ್ತರೂ ಇದ್ದರು. ಆ ಮಾತಿನ ಮುಂದೆ ನಾನು ತಲೆತಗ್ಗಿಸುತ್ತೇನೆ.

ಯೆಶಾಯ 2:4 ಇನ್ನೂ ಆಗಿಲ್ಲ. ಕ್ರಿಸ್ತ ಮತ್ತೆ ಬಂದಾಗ ಆಗುತ್ತದೆ ಎಂಬುದು ನಮ್ಮ ಉತ್ತರ. ಎರಡು ಬರೋಣಗಳೆಂದು ಹಳೆಯ ಒಡಂಬಡಿಕೆ ಎಲ್ಲೂ ಬಿಡಿಸಿ ಹೇಳುವುದಿಲ್ಲ, ಅದು ಕೂಡ ಪುನರುತ್ಥಾನದಿಂದ ಹಿಂತಿರುಗಿ ನೋಡಿದಾಗ ಕಂಡದ್ದು. ಪೌಲನು ಎದ್ದ ಕ್ರಿಸ್ತನನ್ನು ಪ್ರಥಮಫಲ ಎನ್ನುತ್ತಾನೆ. ಮೊದಲ ಸಿವುಡು ಮನೆಗೆ ಬಂದಿದೆ, ಹೊಲ ಇನ್ನೂ ಕೊಯ್ಯದೆ ನಿಂತಿದೆ. ಸಿವುಡು ಬಂದದ್ದೇ ಸುಳ್ಳಾದರೆ ನಿಮ್ಮ ಗೆಳೆಯ ಹೇಳುವುದೇ ಸರಿ.

ಯೆಶಾಯ 7ರಿಂದ 11ರವರೆಗೆ ಇಬ್ಬರೂ ಒಟ್ಟಿಗೆ ಓದಿ. ನಿಮ್ಮ ಗೆಳೆಯರ ಪ್ರಶ್ನೆಗಳನ್ನು ಅವರೇ ಇಲ್ಲಿ ಬರೆಯಲಿ, ಭಾನುವಾರ ಆರಾಧನೆ ಮುಗಿಸಿ ಬಂದು ಉತ್ತರಿಸುತ್ತೇನೆ.