ಹೈರಾಕ್ಸ್ ವಿಶ್ವ ಚಾಂಪಿಯನ್‌ಶಿಪ್: ಎಲೈಟ್ ಓಟದಲ್ಲಿ ಕಣ್ಣು ಎಲ್ಲಿಡಬೇಕು?

ಪ್ರಶ್ನೆ – ಮೈದಾನದಂಚು

2026ರ ಜೂನ್‌ನಲ್ಲಿ ಸ್ಟಾಕ್‌ಹೋಮ್‌ನಲ್ಲಿ ನಡೆಯೋ ಹೈರಾಕ್ಸ್ (ಓಟ, ಕಸರತ್ತು ಬೆರೆತ ಸ್ಪರ್ಧೆ) ವಿಶ್ವ ಚಾಂಪಿಯನ್‌ಶಿಪ್‌ಗೆ ದಿನ ಎಣಿಸ್ತಾ ಇದ್ದೀನಿ. ಎಲೈಟ್ 15 ಓಟವನ್ನ (ಅಗ್ರ 15 ಮಂದಿಯ ಸ್ಪರ್ಧೆ) ಈ ಸಲ ಮೊದಲಿಂದ ಕೊನೆವರೆಗೂ ನೋಡಲೇಬೇಕು. ಕ್ರಮ ಗೊತ್ತು: 1 ಕಿ.ಮೀ. ಓಟ, ಒಂದು ಸ್ಟೇಷನ್ (ಅಂದ್ರೆ ಒಂದು ಕಸರತ್ತು), ಹೀಗೆ ಎಂಟು ಸಲ. ಆದರೆ ಸ್ಲೆಡ್‌ನಲ್ಲಿ (ಭಾರ ಹೇರಿದ ಜಾರುಬಂಡಿ ತಳ್ಳೋದು, ಎಳೆಯೋದು) ಎಲ್ಲರಿಗಿಂತ ಮುಂದಿದ್ದೋರು ಆಮೇಲೆ ಯಾಕೆ ಹಿಂದೆ ಬೀಳ್ತಾರೆ ಅನ್ನೋದು ಹಳೇ ವಿಡಿಯೊ ನೋಡಿದರೂ ತಿಳೀಲಿಲ್ಲ. ಓಟ ತೀರ್ಮಾನ ಆಗೋದು ಎಲ್ಲಿ? ನೋ-ರೆಪ್ (ಸರಿಯಾಗಿ ಮಾಡದ್ದಕ್ಕೆ ತೀರ್ಪುಗಾರರು ಲೆಕ್ಕಕ್ಕೆ ಹಿಡಿಯದ ಪ್ರಯತ್ನ) ಗುರುತಿಸೋದು ಹೇಗೆ?

ಉತ್ತರ – ಗರಡಿಮಣ್ಣು

ಸ್ಲೆಡ್ ಬಿಡಿ, ಸ್ಲೆಡ್ ಆದಮೇಲಿನ ಓಟ ನೋಡಿ. ಗಂಡಸರ ಎಲೈಟ್‌ನಲ್ಲಿ ತಳ್ಳೋ ಭಾರ ಸ್ಲೆಡ್ ಸೇರಿ 202 ಕೆ.ಜಿ., ಹಗ್ಗದಿಂದ ಎಳೆಯೋದು 153. ಹೆಂಗಸರಿಗೆ 152 ಮತ್ತು 103. ಎರಡೂ 50 ಮೀಟರ್, 12.5 ಮೀಟರಿನ ನಾಲ್ಕು ಸುತ್ತು. ಕಾರ್ಪೆಟ್ ಮೇಲೆ ನಿಂತ ಸ್ಲೆಡ್ಡನ್ನ ಅಲುಗಾಡಿಸೋಕೆ ಬೇಕಾಗೋ ಬಲ, ಚಲಿಸ್ತಿರೋದನ್ನ ಮುಂದೆ ನೂಕೋಕೆ ಬೇಕಾಗೋದಕ್ಕಿಂತ ಜಾಸ್ತಿ. ಹಾಗಾಗಿ ಒಂದೊಂದು ಸಲ ನಿಂತಾಗಲೂ ತೊಡೆಗೆ ಹೊಸ ಏಟು. ಪಳಗಿದೋರು ಸೊಂಟ ತಗ್ಗಿಸಿ, ಸಣ್ಣ ಸಣ್ಣ ಹೆಜ್ಜೆ ಇಟ್ಟು, ತುದಿ ಮುಟ್ಟೋವರೆಗೂ ನಿಲ್ಲಲ್ಲ. ದೊಡ್ಡ ಹೆಜ್ಜೆ ಹಾಕಿದರೆ ಪಾದ ಹಿಂದಕ್ಕೆ ಜಾರುತ್ತೆ, ಬಲ ಪೋಲಾಗುತ್ತೆ.

ಎಳೆಯೋವಾಗ ಬರೀ ತೋಳಲ್ಲಿ ಎಳೆಯೋರಿದ್ದಾರೆ, ಮೈಭಾರ ಹಿಂದಕ್ಕೆ ಹಾಕಿ ಎಳೆಯೋರಿದ್ದಾರೆ. ಮೊದಲನೆಯವರ ಹಿಡಿತ ಮುಂದೆ ಫಾರ್ಮರ್ಸ್ ಕ್ಯಾರಿ (ಎರಡೂ ಕೈಯಲ್ಲಿ ಭಾರ ಹಿಡಿದು ಸಾಗೋದು) ಬರೋ ಹೊತ್ತಿಗೆ ಸಡಿಲ ಆಗಿರುತ್ತೆ. ಎಳೆದ ಹಗ್ಗ ಕಾಲ ಬುಡದಲ್ಲಿ ಗುಡ್ಡೆ ಬಿದ್ದು ತೊಡರೋದೂ ಉಂಟು. ಕೈ ಜೊತೆಗೆ ಕಾಲನ್ನೂ ಗಮನಿಸಿ.

ಇನ್ನು ನಿಮ್ಮ ಪ್ರಶ್ನೆಗೆ: ಎಲೈಟ್ ಗಂಡಸರು ಮುಗಿಸೋದು 54 ನಿಮಿಷದ ಆಸುಪಾಸು. ಕಿ.ಮೀ.ಗೆ ಮೂರೂವರೆ ನಿಮಿಷ ಅಂತಿಟ್ಟರೂ ಎಂಟು ಓಟಕ್ಕೆ 28 ನಿಮಿಷ, ಅಂದ್ರೆ ಅರ್ಧಕ್ಕಿಂತ ಹೆಚ್ಚು. ಸ್ಲೆಡ್‌ನಲ್ಲಿ 15 ಸೆಕೆಂಡ್ ಉಳಿಸಿ, ಮುಂದಿನ ಎರಡು ಓಟದಲ್ಲಿ ತಲಾ 15 ಸೆಕೆಂಡ್ ಕಳ್ಕೊಂಡರೆ ಲೆಕ್ಕ ನಷ್ಟದ್ದೇ. ನಾಲ್ಕನೇ ಕಿ.ಮೀ. ಸಮಯ ಬರೆದಿಟ್ಕೊಳ್ಳಿ. ತಳ್ಳೋದು, ಎಳೆಯೋದು ಎರಡೂ ಮುಗಿಸಿದ ಕಾಲು ಎಷ್ಟು ಉಳಿದಿದೆ ಅಂತ ಹೇಳೋದು ಅದೇ.

ಉತ್ತರ – ಕಬ್ಬಿಣದಗುಂಡು

ಮೇಲಿನವರು ಹೇಳಿದ್ದು ಸರಿ. ಸ್ಕೀ-ಅರ್ಗ್ (ನಿಂತು ಹಿಡಿಕೆ ಕೆಳಗೆಳೆಯೋ ಯಂತ್ರ, ಮೊದಲ ಸ್ಟೇಷನ್) ಬಗ್ಗೆ ಒಂದು ಮಾತು ಸೇರಿಸ್ತೀನಿ. ಆ ಯಂತ್ರದಲ್ಲಿ ವೇಗದ ಘನದಷ್ಟು ಶಕ್ತಿ ಬೇಕು. 500 ಮೀಟರಿಗೆ 1:55 ಇದ್ದದ್ದನ್ನ 1:50ಕ್ಕೆ ಇಳಿಸಿದರೆ 1000 ಮೀಟರಲ್ಲಿ ಸಿಗೋದು 10 ಸೆಕೆಂಡ್, ತೆರಬೇಕಾದ ಶಕ್ತಿ ಸುಮಾರು ಶೇ 14 ಜಾಸ್ತಿ. ಐದನೇ ಸ್ಟೇಷನ್ನಿನ ರೋಯಿಂಗಿಗೂ ಇದೇ ಲೆಕ್ಕ. ಅದಕ್ಕೇ ಬಲ್ಲವರು ಅಲ್ಲಿ ಉಸಿರು ಹತೋಟಿಗೆ ತಂದ್ಕೋತಾರೆ. ಸ್ಕೀ ಮುಗಿಸಿ ಮೊದಲು ಹೊರಟವರನ್ನ ನೋಡಿ ಗೆಲ್ಲೋರು ಯಾರು ಅಂತ ನಿರ್ಧರಿಸಬೇಡಿ.

ನೋ-ರೆಪ್ ವಿಷಯ. ವಾಲ್ ಬಾಲ್ (ಬಸ್ಕಿ ಹೊಡೆದು ಎದ್ದು ಚೆಂಡನ್ನ ಮೇಲಿನ ಗುರಿಗೆ ಎಸೆಯೋದು) 100 ಎಸೆತ: ಗಂಡಸರಿಗೆ 9 ಕೆ.ಜಿ. ಚೆಂಡು, 3 ಮೀಟರ್ ಎತ್ತರದ ಗುರಿ. ಹೆಂಗಸರಿಗೆ 6 ಕೆ.ಜಿ., 2.7 ಮೀಟರ್. ಎಲ್ಲರ ಕಣ್ಣೂ ಚೆಂಡಿನ ಹಿಂದೆ ಮೇಲಕ್ಕೆ ಹೋಗುತ್ತೆ. ನೀವು ಸೊಂಟ ನೋಡಿ. ಬಸ್ಕಿಯಲ್ಲಿ ಸೊಂಟದ ಮಡಿಕೆ ಮಂಡಿಗಿಂತ ಕೆಳಗೆ ಇಳಿಯಲೇಬೇಕು. ಸುಸ್ತಾದ ಹಾಗೆ ಮೊದಲು ಕೈಕೊಡೋದು ಆ ಕೊನೇ ಎರಡು ಇಂಚು. ಹಿಮ್ಮಡಿ ಮೇಲೇಳುತ್ತೆ, ಎದೆ ಮುಂದಕ್ಕೆ ಬಾಗುತ್ತೆ, ಚೆಂಡು ಗದ್ದದಿಂದ ಎದೆಗೆ ಇಳಿಯುತ್ತೆ. ಇಷ್ಟು ಕಂಡರೆ ನೋ-ರೆಪ್ ಹತ್ತಿರದಲ್ಲೇ ಇದೆ ಅಂತ ತಿಳಿಯಿರಿ. ಎಸೆತಕ್ಕೆ ಎರಡು ಸೆಕೆಂಡ್ ಹಿಡಿದರೂ ನಿಲ್ಲದೇ ಮುಗಿಸೋಕೆ 3:20 ಬೇಕು. ಒಂದು ನೋ-ರೆಪ್ ತಿನ್ನೋದು ಎರಡೇ ಸೆಕೆಂಡ್, ಆದರೆ ಉಸಿರಿನ ಲಯ ಕೆಟ್ಟು ಚೆಂಡು ಕೆಳಗಿಟ್ಟರೆ ಹತ್ತು ಹೋಯ್ತು.

ಲಂಜಸ್‌ನಲ್ಲಿ (ಹೆಜ್ಜೆಹೆಜ್ಜೆಗೂ ಮಂಡಿ ಬಗ್ಗಿಸಿ ಸಾಗೋದು, 100 ಮೀಟರ್, ಗಂಡಸರಿಗೆ ಹೆಗಲ ಮೇಲೆ 30 ಕೆ.ಜಿ. ಮರಳುಚೀಲ, ಹೆಂಗಸರಿಗೆ 20) ಹಿಂದಿನ ಮಂಡಿ ನೆಲ ಮುಟ್ಟಬೇಕು, ಚೀಲ ಕೆಳಗಿಡೋ ಹಾಗಿಲ್ಲ. 80 ಮೀಟರ್ ಬರ್ಪಿ ಜಿಗಿತದಲ್ಲಿ (ನೆಲಕ್ಕೆ ಎದೆ ತಾಗಿಸಿ ಎದ್ದು ಮುಂದಕ್ಕೆ ಹಾರೋದು) ನಡುವೆ ಕದ್ದು ಇಡೋ ಹೆಜ್ಜೆಗೆ ತೀರ್ಪುಗಾರರು ಕಾದಿರ್ತಾರೆ.

ಮೈದಾನದಂಚು

ಸೊಂಟ ನೋಡೋದು ಹೊಳೆದೇ ಇರಲಿಲ್ಲ, ಧನ್ಯವಾದ. ಹಾಗಾದರೆ ಕೊನೇ ವಾಲ್ ಬಾಲೇ ನಿರ್ಣಾಯಕ ಅನ್ನಬಹುದಾ?

ಉತ್ತರ – ಸಂಜೆಓಟ

ಅಂತರ 20 ಸೆಕೆಂಡಿನೊಳಗಿದ್ದರೆ ಮಾತ್ರ. ನನ್ನ ಪ್ರಕಾರ ನೋಡಬೇಕಾದ್ದು ಲಂಜಸ್ ಆದಮೇಲಿನ ಎಂಟನೇ ಕಿ.ಮೀ. ಅಲ್ಲಿ ಮೊದಲ 200 ಮೀಟರಲ್ಲಿ ಹೆಜ್ಜೆ ಬಿಚ್ಚಿಕೊಂಡವರು ವಾಲ್ ಬಾಲ್‌ನಲ್ಲೂ ಬಸ್ಕಿ ಹೊಡೀತಾರೆ. ಮಂಡಿ ಎತ್ತಲಾರದೇ ಕಾಲು ಎಳೆದುಕೊಂಡು ಬಂದೋರಿಗೆ ಅಲ್ಲಿ ಕಷ್ಟ ಖಾತ್ರಿ. ಜೊತೆಗೆ ಓಟದ ದಾರಿಗೂ ಸ್ಟೇಷನ್ನಿಗೂ ನಡುವಿನ ಜಾಗ, ರಾಕ್ಸ್‌ಝೋನ್, ಅಲ್ಲಿ ಯಾರು ನಡೀತಾರೆ, ಯಾರು ಓಡ್ತಾರೆ ನೋಡಿ. ಎಂಟು ಸಲ ಐದೈದು ಸೆಕೆಂಡ್ ಅಂದ್ರೆ 40 ಸೆಕೆಂಡ್. ಫಾರ್ಮರ್ಸ್ ಕ್ಯಾರಿಯಲ್ಲಿ (ಗಂಡಸರಿಗೆ ಕೈಗೊಂದು 32 ಕೆ.ಜಿ., 200 ಮೀಟರ್) ಎಲೈಟ್‌ನೋರು ಕೆಳಗಿಟ್ಟರು ಅಂದ್ರೆ ಏನೋ ಎಡವಟ್ಟಾಗಿದೆ.

ಹಾಕಿ ನೋಡೋರಿಗೆ ಖುಷಿಯ ಸಂಗತಿ: 2017ರಲ್ಲಿ ಹ್ಯಾಂಬರ್ಗ್‌ನಲ್ಲಿ ಹೈರಾಕ್ಸ್ ಶುರು ಮಾಡಿದ ಇಬ್ಬರಲ್ಲಿ ಒಬ್ಬರು ಮೊರಿಟ್ಜ್ ಫ್ಯೂರ್ಸ್ಟೆ, ಜರ್ಮನಿಯ ಒಲಿಂಪಿಕ್ ಚಿನ್ನದ ತಂಡದವರು, ನಮ್ಮ ಹಾಕಿ ಇಂಡಿಯಾ ಲೀಗಲ್ಲೂ ಆಡಿದವರು.

ತಯಾರಿಗೆ 2025ರ ಶಿಕಾಗೊ ಓಟ ನೋಡಿ. ಟಿಮ್ ವೆನಿಶ್, ಲಿಂಡಾ ಮಯರ್ ಗೆದ್ದದ್ದು, ಇಬ್ಬರೂ ಜರ್ಮನಿಯವರೇ. ಜೂನ್‌ನಲ್ಲಿ ಸ್ಟಾಕ್‌ಹೋಮ್ ನಮಗಿಂತ ಮೂರೂವರೆ ಗಂಟೆ ಹಿಂದೆ ಇರುತ್ತೆ. ಅಲ್ಲಿ ಸಂಜೆ 6 ಅಂದ್ರೆ ಇಲ್ಲಿ ರಾತ್ರಿ 9:30, ಊಟ ಮುಗಿಸಿ ಕೂತರೆ ಸರಿಹೋಗುತ್ತೆ.